ಬ್ರೊಕೊಫ್ ಮನೆತನದ ಶಿಲ್ಪಕೃತಿಗಳು: ಒಂದು ವಿಮರ್ಶೆ

ನಮ್ಮ ಕಾಲೇಜುಗಳಲ್ಲಿ ಯುರೋಪಿನ ಚರಿತ್ರೆಯನ್ನು ಬೋಧಿಸುವಾಗ ಹದಿನೇಳನೆಯ ಶತಮಾನದ ಮತಯುದ್ಧಗಳಿಗೆ ಎರಡು ಮೂರು ಉಪನ್ಯಾಸಗಳು ಮೀಸಲಾಗುವುವು. ಅದೇ ಕಾಲದ ಕಲೆಯ ವಿಷಯ ಬಂದಾಗ ರೋಮಿನ ಬೆರ್ನಿನಿಯ ಹೆಸರೊಂದನ್ನು ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಬರೋಕ್ ಶೈಲಿಯು ಇಟಲಿಯಲ್ಲಿ ಹುಟ್ಟಿತೆಂಬುದು ನಿಜ; ಆದರೆ ಮತಯುದ್ಧದ ಗಾಯಗಳು ಇನ್ನೂ ಹಸಿಯಾಗಿದ್ದ ಬೊಹೀಮಿಯದಂಥ ದೇಶದಲ್ಲಿ ಅದು ಯಾವ ಕೆಲಸಕ್ಕೆ ಒದಗಿತು ಎಂಬುದನ್ನು ನೋಡದೆ ಅದರ ಪೂರ್ಣಸ್ವರೂಪವು ತಿಳಿಯಲಾರದು. ಅಂಥ ಅಧ್ಯಯನಕ್ಕೆ ಪ್ರಾಗ್ ನಗರದ ಬ್ರೊಕೊಫ್ ಮನೆತನಕ್ಕಿಂತ ಉತ್ತಮವಾದ ಉದಾಹರಣೆಯು ದೊರೆಯುವುದು ಕಷ್ಟ. ತಂದೆ ಯಾನ್ ಬ್ರೊಕೊಫ್, ಮಕ್ಕಳಾದ ಮಿಖಾಲ್ ಯಾನ್ ಯೋಸೆಫ್ ಮತ್ತು ಫರ್ಡಿನಾಂಡ್ ಮ್ಯಾಕ್ಸಿಮಿಲಿಯನ್ ಈ ಮೂವರು ಸುಮಾರು ಅರ್ಧ ಶತಮಾನದ ಕಾಲ ಅಲ್ಲಿ ಉಳಿ ಹಿಡಿದು ದುಡಿದರು. ಇವರ ಕೃತಿಗಳನ್ನು ಕುರಿತ ವಿಮರ್ಶೆಯು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಯಾವ ಮೂರ್ತಿಯು ಯಾರ ಕೈಯದು? ಆ ಪ್ರಶ್ನೆಯನ್ನು ಕೇಳಿರುವ ಕ್ರಮದಲ್ಲಿಯೇ ಒಂದು ದೋಷವಿದೆಯೆಂಬುದು ನನ್ನ ಅಭಿಪ್ರಾಯ. ಈ ಮನೆತನದ ಶಕ್ತಿಯನ್ನು ಕಾಣಬೇಕಾದರೆ ಸಂತರ ಮುಖಗಳನ್ನು ಬಿಟ್ಟು ಸಂತರನ್ನು ಹೊತ್ತಿರುವವರ ಕಡೆಗೆ ನೋಡಬೇಕು.

ಮೊದಲು ಸನ್ನಿವೇಶವನ್ನು ಸ್ಥೂಲವಾಗಿ ನೆನೆಯೋಣ. 1620ರಲ್ಲಿ ಪ್ರಾಗಿನ ಹೊರವಲಯದ ಬಿಳಿಬೆಟ್ಟದ ಕದನದಲ್ಲಿ ಬೊಹೀಮಿಯದ ಪ್ರಾಟೆಸ್ಟಂಟ್ ಶ್ರೀಮಂತರು ಸೋತರು. ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳು ಆ ನಾಡನ್ನು ಮರಳಿ ಕ್ಯಾಥೊಲಿಕ್ ಮತಕ್ಕೆ ತರುವ ಕಾರ್ಯವನ್ನು ದೃಢವಾಗಿ ಕೈಗೊಂಡರು. ಒಪ್ಪದವರು ದೇಶ ಬಿಟ್ಟರು. ಅವರ ಆಸ್ತಿಗಳು ಕೈಬದಲಾದುವು. ವಿಶ್ವವಿದ್ಯಾಲಯವು ಜೆಸೂಯಿಟರ ಹಿಡಿತಕ್ಕೆ ಬಂದಿತು. ನಗರದ ಎರಡು ಭಾಗಗಳನ್ನು ಕೂಡಿಸುವ, ವಲ್ಟಾವ ನದಿಯ ಮೇಲಿನ ಕಲ್ಲಿನ ಸೇತುವೆಯನ್ನು ನಾಲ್ಕನೆಯ ಚಾರ್ಲ್ಸನು 1357ರಲ್ಲಿ ಆರಂಭಿಸಿದ್ದನು. ಸುಮಾರು 516 ಮೀಟರ್ ಉದ್ದದ ಈ ಸೇತುವೆಯ ಮೇಲೆ ಮುನ್ನೂರು ವರ್ಷಗಳ ಕಾಲ ಶಿಲುಬೆಯನ್ನು ಬಿಟ್ಟರೆ ಹೇಳಿಕೊಳ್ಳುವಂಥ ಅಲಂಕಾರವಿರಲಿಲ್ಲ. ಇಂದು ಅಲ್ಲಿ 30 ಮೂರ್ತಿಗಳೂ ಶಿಲ್ಪಸಮೂಹಗಳೂ ಇವೆ. ಇವುಗಳಲ್ಲಿ ಹೆಚ್ಚಿನವು 1706ರಿಂದ 1714ರವರೆಗಿನ ಎಂಟೊಂಬತ್ತು ವರ್ಷಗಳಲ್ಲಿ ಎದ್ದು ನಿಂತವು. ಇಷ್ಟು ಅಲ್ಪಾವಧಿಯಲ್ಲಿ ಇಷ್ಟು ಕಲ್ಲು ಕೆತ್ತಲ್ಪಟ್ಟುದು ಭಕ್ತಿಯೊಂದರಿಂದಲೇ ಅಲ್ಲ. ಮಠಗಳು, ವಿಶ್ವವಿದ್ಯಾಲಯದ ವಿಭಾಗಗಳು, ಶ್ರೀಮಂತ ಮನೆತನಗಳು ಒಬ್ಬರ ಮೇಲೊಬ್ಬರು ಪಂಥ ಕಟ್ಟಿದಂತೆ ಹಣ ನೀಡಿದರು. ಪ್ರತಿದಿನವೂ ಹಾದುಹೋಗುವ ಜನರಿಗೆ ಇದು ಕಲ್ಲಿನಲ್ಲಿ ಬರೆದ ಉಪದೇಶವಾಯಿತು.

ಯಾನ್ ಬ್ರೊಕೊಫನು 1652ರಲ್ಲಿ ಇಂದಿನ ಸ್ಲೊವಾಕಿಯಕ್ಕೆ ಸೇರಿದ ಸ್ಪಿಷ್ ಪ್ರಾಂತದಲ್ಲಿ ಹುಟ್ಟಿದನು. ಹುಟ್ಟಿನಿಂದ ಲೂಥರನ್ ಮತದವನಾಗಿದ್ದು ಮುಂದೆ ಕ್ಯಾಥೊಲಿಕನಾದನು. ವೃತ್ತಿಯಿಂದ ಮರದ ಕೆತ್ತನೆಗಾರ. ಊರೂರು ತಿರುಗಿ ಶ್ರೀಮಂತರ ಕೋಟೆಮನೆಗಳಲ್ಲಿ ಕೆಲಸ ಮಾಡಿ ಕೊನೆಗೆ ಪ್ರಾಗಿನಲ್ಲಿ ನೆಲೆ ನಿಂತನು. ಅವನ ಹೆಸರನ್ನು ಉಳಿಸಿರುವುದು ಸೇತುವೆಯ ಮೇಲಿನ ಕಂಚಿನ ಮೂರ್ತಿಯೊಂದು, ಅಂದರೆ ನೆಪೋಮುಕ್‌ನ ಸಂತ ಜಾನನದು. ದೊರೆ ನಾಲ್ಕನೆಯ ವೆನ್ಸೆಸ್ಲಾಸನ ಆಜ್ಞೆಯಂತೆ ಈ ಪಾದ್ರಿಯನ್ನು ಇದೇ ಸೇತುವೆಯಿಂದ ನದಿಗೆ ಎಸೆಯಲಾಯಿತು. ಆ ಘಟನೆ ನಡೆದುದು 1393ರಲ್ಲಿ. ಆದರೆ ಪೀಠದ ಶಾಸನದಲ್ಲಿ 1383 ಎಂದಿದೆ. ಮುನ್ನೂರನೆಯ ವರ್ಷದ ನೆನಪಿಗೆಂದು 1683ರಲ್ಲಿ ಮೂರ್ತಿಯನ್ನು ನಿಲ್ಲಿಸಿದರು. ಕಲ್ಲಿನಲ್ಲಿ ಬರೆದ ಮಾತ್ರಕ್ಕೆ ತೇದಿ ಸರಿಯಾಗದೆಂಬುದಕ್ಕೆ ಚರಿತ್ರೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಚೊಕ್ಕವಾದ ನಿದರ್ಶನ ಬೇಕಿಲ್ಲ. ರೋಮಿನ ಪೋಪರು ಜಾನನನ್ನು ಸಂತನೆಂದು ಸಾರಿದುದು 1729ರಲ್ಲಿ, ಅಂದರೆ ಮೂರ್ತಿಯು ನಿಂತು 46 ವರ್ಷಗಳಾದ ಮೇಲೆ. ಶಿಲ್ಪವು ಇಲ್ಲಿ ಮತದ ತೀರ್ಮಾನವನ್ನು ಹಿಂಬಾಲಿಸಲಿಲ್ಲ. ಅದಕ್ಕೆ ದಾರಿ ಮಾಡಿಕೊಟ್ಟಿತು.

ಈ ಮೂರ್ತಿಯ ಕರ್ತೃ ಯಾರು? ಮಣ್ಣಿನ ಚಿಕ್ಕ ಮಾದರಿಯನ್ನು 1681ರಲ್ಲಿ ಮಾಡಿದವನು ವಿಯೆನ್ನಾದ ಮಥಿಯಾಸ್ ರೌಖ್‌ಮಿಲ್ಲರ್. ಅದನ್ನು ಅನುಸರಿಸಿ ಮರದಲ್ಲಿ ಆಳೆತ್ತರಕ್ಕೆ ಕೆತ್ತಿದವನು ಯಾನ್ ಬ್ರೊಕೊಫ್. ಆ ಮರದ ಮೂರ್ತಿಯಿಂದ ಕಂಚಿನ ಎರಕ ಹೊಯ್ದವನು ನ್ಯೂರೆಂಬರ್ಗಿನ ಹೆರೋಲ್ಡ್. ಹಣ ಕೊಟ್ಟವನು ವುನ್‌ಶ್ವಿಟ್ಸ್ ಎಂಬ ಶ್ರೀಮಂತ. ಒಂದು ಕಾಲಿನ ಮೇಲೆ ಭಾರ ಬಿಟ್ಟು, ತಲೆಯನ್ನು ತುಸು ವಾಲಿಸಿ, ಶಿಲುಬೆಯನ್ನು ಮಗುವಿನಂತೆ ತೋಳಿಗೆ ಒರಗಿಸಿಕೊಂಡು ನಿಂತ ಈ ಭಂಗಿಯು ಮುಂದೆ ಮಧ್ಯ ಯುರೋಪಿನ ಸೇತುವೆ ಸೇತುವೆಯ ಮೇಲೂ ಹಳ್ಳಿಯ ಕೂಡುದಾರಿಗಳಲ್ಲಿಯೂ ಲೆಕ್ಕವಿಲ್ಲದಷ್ಟು ಸಲ ಪುನರಾವೃತ್ತವಾಯಿತು. ಯಾನನನ್ನು ಸಾಮಾನ್ಯ ಕೆಲಸಗಾರನೆಂದು ತಳ್ಳಿಹಾಕುವ ವಿಮರ್ಶಕರು ಈ ಮೂರ್ತಿಯ ಯಶಸ್ಸನ್ನು ರೌಖ್‌ಮಿಲ್ಲರನಿಗೆ ಕೊಡುವರು. ಆದರೆ ಅಂಗೈಯಗಲದ ಮಣ್ಣಿನ ರೂಪವನ್ನು ಆಳೆತ್ತರಕ್ಕೆ ಏರಿಸುವಾಗ ಕೈತಪ್ಪದಿರುವುದು ಸುಲಭವಲ್ಲ. ಚಿಕ್ಕ ಮಾದರಿಯಲ್ಲಿ ಸೊಗಸಾಗಿ ಕಾಣುವ ನಿಲುವು ದೊಡ್ಡದಾದಾಗ ಕುಸಿದಂತೆ ತೋರುವುದುಂಟು. ಇಲ್ಲಿ ಅದು ಕುಸಿದಿಲ್ಲ.

1695ರಲ್ಲಿ ಅವನು ಸೇತುವೆಗೆ ಕೆತ್ತಿದ, ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ಮಾತೆಯ ಶಿಲ್ಪವು 1859ರಲ್ಲಿ ಹೊಸ ಶಿಲ್ಪಕ್ಕೆ ಎಡೆ ಬಿಟ್ಟುಕೊಟ್ಟಿತು. ಮರದ ಕೆಲಸದ ಅಭ್ಯಾಸವು ಅದರಲ್ಲಿ ಇನ್ನೂ ಕಾಣುವುದು. ಬಟ್ಟೆಯ ಮಡಿಕೆಗಳು ಹಲಗೆಯಲ್ಲಿ ಕೊರೆದಂತೆ ಬಿಗಿಯಾಗಿವೆ. ಈ ಬಿಗಿತವನ್ನು ದೋಷವೆನ್ನಬಹುದು. ಆದರೆ ಶೋಕದ ವಿಷಯಕ್ಕೆ ಅದು ಅಷ್ಟೇನೂ ಹೊಂದದ ಗುಣವಲ್ಲ.

ಮಕ್ಕಳು ಕೆಲಸಕ್ಕೆ ಸೇರಿದ ಮೇಲೆ ತೊಡಕು ಹೆಚ್ಚುವುದು. ಮಿಖಾಲನು ಹುಟ್ಟಿದುದು 1686ರಲ್ಲಿ, ಫರ್ಡಿನಾಂಡನು 1688ರಲ್ಲಿ. 1707ರಲ್ಲಿ ಸೇತುವೆಯ ಮೇಲೆ ಬಾರ್ಬರಾ, ಮಾರ್ಗರೆಟ್, ಎಲಿಜಬೆತ್ ಎಂಬ ಮೂವರು ಸಂತಸ್ತ್ರೀಯರ ಸಮೂಹವು ಸ್ಥಾಪಿತವಾಯಿತು. ಅದರ ಮೇಲಿರುವುದು ತಂದೆಯ ಹೆಸರು. ಇಂದಿನ ವಿದ್ವಾಂಸರಾದರೋ ಅದನ್ನು ಮುಖ್ಯವಾಗಿ ಆಗ ಹದಿನೆಂಟು ಹತ್ತೊಂಬತ್ತರ ಹರೆಯದವನಾದ ಫರ್ಡಿನಾಂಡನದೆಂದು ಎಣಿಸುವರು. ಕಾರ್ಯಾಗಾರದ ಒಡೆಯನು ಗುತ್ತಿಗೆ ಹಿಡಿದು ತನ್ನ ಹೆಸರನ್ನು ಹಾಕುವುದೂ ಮನೆಯ ಹುಡುಗರು ಕೆತ್ತುವುದೂ ಆ ಕಾಲದ ಪದ್ಧತಿ. ಹೆಸರು ಅಲ್ಲಿ ಅಂಗಡಿಯ ಮುದ್ರೆಯಾಗಿತ್ತೇ ಹೊರತು ಇಂದಿನ ಅರ್ಥದ ಸಹಿಯಾಗಿರಲಿಲ್ಲ. ಆದುದರಿಂದ ಹೆಸರನ್ನು ನೋಡಿ ಕರ್ತೃತ್ವವನ್ನು ನಿರ್ಧರಿಸಿದ ಹಳೆಯ ಬರಹಗಾರರು ತಪ್ಪಿದರೆಂಬುದನ್ನು ಒಪ್ಪಬೇಕು.

ಆದರೆ ಹೆಸರನ್ನು ಬಿಟ್ಟವರು ಹಿಡಿದುದೇನನ್ನು? ಗುಣವನ್ನು. ಚೆನ್ನಾಗಿರುವುದೆಲ್ಲ ಫರ್ಡಿನಾಂಡನದು, ಸಾಧಾರಣವಾದುದು ಮಿಖಾಲನದು, ಪೆಡಸಾದುದು ತಂದೆಯದು ಎಂಬ ಹಂಚಿಕೆಯು ಕ್ರಮೇಣ ರೂಢವಾಯಿತು. 1709ರ ಸಂತ ಅಡಾಲ್ಬರ್ಟನ ಮೂರ್ತಿಯನ್ನು ಮಿಖಾಲನಿಗೆ ಕೊಡುವುದುಂಟು. ಒಡನೆಯೇ ಅದರಲ್ಲಿ ಜಡತೆಯನ್ನು ಹುಡುಕುವುದೂ ಉಂಟು. ಫರ್ಡಿನಾಂಡನು ಪ್ರತಿಭಾವಂತನೆಂಬುದಕ್ಕೆ ಒಳ್ಳೆಯ ಮೂರ್ತಿಗಳು ಸಾಕ್ಷಿ. ಆ ಮೂರ್ತಿಗಳು ಅವನವೆಂಬುದಕ್ಕೆ ಅವನ ಪ್ರತಿಭೆಯೇ ಸಾಕ್ಷಿ! ಇಂಥ ತರ್ಕವನ್ನು ನಮ್ಮ ವಿದ್ಯಾರ್ಥಿಯೊಬ್ಬನು ಪರೀಕ್ಷೆಯಲ್ಲಿ ಬರೆದರೆ ನಾವು ಅಂಕ ಕೊಡಲಾರೆವು. ಫರ್ಡಿನಾಂಡನು ಮೂವರಲ್ಲಿ ಶ್ರೇಷ್ಠನೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. 1714ರ ನಂತರ ಅವನು ತನ್ನ ಹೊಣೆಯಲ್ಲಿಯೇ ಮಾಡಿದ ಕೆಲಸಗಳು ಅದನ್ನು ಸ್ಪಷ್ಟಪಡಿಸುವುವು. ಆದರೆ ಒಂದೇ ಚಾವಡಿಯಲ್ಲಿ, ಒಂದೇ ಕಲ್ಲಿನ ಮೇಲೆ, ತಂದೆಯ ಲೆಕ್ಕಾಚಾರದಲ್ಲಿ ಇಬ್ಬರು ಅಣ್ಣತಮ್ಮಂದಿರು ದುಡಿದಾಗ ಒಂದು ಮೊಣಕೈಯನ್ನು ಇವನಿಗೂ ಒಂದು ಸೆರಗನ್ನು ಅವನಿಗೂ ಹಂಚುವುದರಿಂದ ಏನು ಫಲ? ಕೃತಿಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಸಮಾನವಾದ ಮನೆಗುಣವೊಂದಿದೆಯೆ ಎಂದು ಕೇಳುವುದು ಮೇಲು.

ಅಂಥದೊಂದು ಗುಣ ಇದೆ. ಅದನ್ನು ಕಾಣಲು ಇದೇ ಸೇತುವೆಯ ಮೇಲೆ ಕೆಲಸ ಮಾಡಿದ ಮಥಿಯಾಸ್ ಬ್ರೌನನ ಜತೆಗೆ ಹೋಲಿಸಿ ನೋಡಬೇಕು. ಟಿರೋಲ್ ಪ್ರಾಂತದಿಂದ ಬಂದ ಬ್ರೌನನು 1710ರಲ್ಲಿ ಸಂತ ಲುಟ್‌ಗಾರ್ಡಳ ದರ್ಶನವನ್ನು ಕೆತ್ತಿದನು: ಶಿಲುಬೆಯ ಮೇಲಿನ ಕ್ರಿಸ್ತನು ಮುಂದೆ ಬಾಗಿ ಅವಳ ಕಡೆಗೆ ಕೈ ಚಾಚುವನು. ಬ್ರೌನನ ಕಲ್ಲು ಕರಗುವುದು, ಅಲೆಯಾಗುವುದು. ಭಾರವನ್ನು ಮರೆಯಿಸುವುದೇ ಅವನ ಹಿರಿಮೆ. ಬ್ರೊಕೊಫರ ಕಲ್ಲು ಕಲ್ಲಾಗಿಯೇ ಉಳಿಯುವುದು. ಅಲ್ಲಿ ದೇಹಗಳಿಗೆ ತೂಕವಿದೆ. ಆ ತೂಕವು ಯಾರದೋ ಹೆಗಲ ಮೇಲೆ, ಯಾವುದೋ ನೆಲದ ಮೇಲೆ ಬೀಳುವುದು ಕಣ್ಣಿಗೆ ಕಾಣುವುದು. ಬಾರ್ಬರಾಳ ಸಮೂಹದಲ್ಲಿಯೇ ನೋಡಿರಿ: ಮೂವರು ಸ್ತ್ರೀಯರು ಘನವಾಗಿ, ಸುಂದರವಾಗಿ ನಿಂತಿದ್ದಾರೆ, ಆದರೆ ಎಲಿಜಬೆತಳ ಬಳಿ ಭಿಕ್ಷೆಗೆ ಮುಖವೆತ್ತಿದ ಬಡವನ ಶರೀರದಲ್ಲಿ ಶಿಲ್ಪಿಯ ಗಮನವು ಬೇರೆ ಬಗೆಯಾಗಿದೆ. ಸಂತಸ್ತ್ರೀಯರನ್ನು ಸಂಪ್ರದಾಯವು ಕೊಟ್ಟಿತು. ಈ ಬಡವನನ್ನು ಶಿಲ್ಪಿಯು ಬೀದಿಯಲ್ಲಿ ಕಂಡಿರಬೇಕು.

ಈ ಗುಣದ ಪೂರ್ಣ ಬೆಳವಣಿಗೆಯು 1711ರ ಸಂತ ಫ್ರಾನ್ಸಿಸ್ ಕ್ಸೇವಿಯರನ ಸಮೂಹದಲ್ಲಿ ಕಾಣುವುದು. ಇದು ಫರ್ಡಿನಾಂಡನದೆಂಬುದರಲ್ಲಿ ವಿವಾದವಿಲ್ಲ. ಆಗ ಅವನ ವಯಸ್ಸು ಇಪ್ಪತ್ತಮೂರನ್ನು ಮುಟ್ಟಿರಲಿಲ್ಲ ಅಥವಾ ಆಗತಾನೇ ಮುಟ್ಟಿತ್ತು. ಹಣವನ್ನೊದಗಿಸಿದವರು ಜೆಸೂಯಿಟರ ಅಧೀನದಲ್ಲಿದ್ದ ವಿಶ್ವವಿದ್ಯಾಲಯದ ದೈವಶಾಸ್ತ್ರ ಮತ್ತು ತತ್ತ್ವಶಾಸ್ತ್ರ ವಿಭಾಗದವರು. ಮೇಲೆ ಸಂತನು ಶಿಲುಬೆಯನ್ನೆತ್ತಿ ನಿಂತಿದ್ದಾನೆ. ಅವನೆದುರಿಗೆ ದೀಕ್ಷಾಸ್ನಾನಕ್ಕಾಗಿ ಪೂರ್ವದೇಶದ ರಾಜಕುಮಾರನೊಬ್ಬನು ಮಂಡಿಯೂರಿದ್ದಾನೆ. ಪಕ್ಕದ ಪರಿಚಾರಕರಲ್ಲೊಬ್ಬನ ಮುಖವು ಶಿಲ್ಪಿಯದೇ ಎಂದು ಪ್ರತೀತಿ. ಈ ಇಡೀ ದೃಶ್ಯವನ್ನು ಕೆಳಗೆ ನಾಲ್ವರು ಹೆಗಲು ಕೊಟ್ಟು ಹೊತ್ತಿದ್ದಾರೆ. ಇವರನ್ನು ಭಾರತೀಯ, ತಾತಾರ, ಚೀನೀಯ, ಮೂರ್ ಎಂದು ಗುರುತಿಸುವರು. ಚೀನೀಯನ ಸ್ಥಾನದಲ್ಲಿ ಜಪಾನೀಯನೆಂದು ಹೇಳುವವರೂ ಉಂಟು.

ಈ ಅನಿಶ್ಚಯವು ವರ್ಣನೆಕಾರರ ಅಜಾಗರೂಕತೆಯಿಂದ ಮಾತ್ರ ಬಂದುದಲ್ಲ. ಅದು ಶಿಲ್ಪದಲ್ಲಿಯೇ ಇದೆ. ಪ್ರಾಗಿನ ತರುಣನು ಭಾರತವನ್ನು ಕಂಡವನಲ್ಲ. ಆ ಕಾಲದ ಯುರೋಪಿನಲ್ಲಿ ‘ಇಂಡಿಯನ್’ ಎಂಬ ಒಂದೇ ಶಬ್ದವು ಅಮೆರಿಕದ ಮೂಲನಿವಾಸಿಗೂ ನಮ್ಮವನಿಗೂ ಅನ್ವಯಿಸುತ್ತಿತ್ತು. ಚಿತ್ರಪುಸ್ತಕಗಳೂ ಜೆಸೂಯಿಟ್ ಶಾಲೆಗಳ ನಾಟಕಗಳೂ ದೂರದೇಶದವರನ್ನು ಗರಿ, ಮುಂಡಾಸು, ಜಡೆ ಇವುಗಳಿಂದ ಗುರುತು ಹಚ್ಚುತ್ತಿದ್ದುವು. ಆದುದರಿಂದ ಇಲ್ಲಿರುವವನು ಭಾರತೀಯನಲ್ಲ. ಭಾರತೀಯನೆಂಬ ಒಂದು ವೇಷ. ಇಷ್ಟನ್ನು ಹೇಳಿ ನಾವು ಮುನಿಸಿಕೊಂಡು ಪುಸ್ತಕ ಮುಚ್ಚಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇದರ ಛಾಯಾಚಿತ್ರವನ್ನು ಕಂಡೊಡನೆ ಹಾಗೆಯೇ ಮಾಡಿದರು. ಅವರ ಕೋಪವು ಅಕಾರಣವಲ್ಲ. ಮತವನ್ನು ಪಡೆದವರೇ ಮತಪ್ರಚಾರಕನನ್ನು ಹೊರಬೇಕೆಂಬ ಕಲ್ಪನೆಯು ಆಳುವವರ ಕಲ್ಪನೆ. ಅದನ್ನು ಮೃದುಗೊಳಿಸಿ ಹೇಳುವುದರಿಂದ ಪ್ರಯೋಜನವಿಲ್ಲ.

ಆದರೂ ಮತ್ತೊಮ್ಮೆ ನೋಡಬೇಕು. ವೇಷವು ಎರವಲು, ವೇಷದ ಒಳಗಿನ ದೇಹವು ಎರವಲಲ್ಲ. ಕುತ್ತಿಗೆಯ ಹಿಂದೆ ಬಿಗಿದ ಸ್ನಾಯು, ಭಾರದ ಕೆಳಗೆ ಬಾಗಿದ ಹೆಗಲು, ತಾಳಿಕೊಂಡ ಮುಖದ ಮೌನ ಇವನ್ನು ಯಾವ ಚಿತ್ರಪುಸ್ತಕವೂ ಕೊಡಲಾರದು. ಕಲ್ಲುಗಣಿಯಿಂದ ಬಂಡೆಯನ್ನು ಇಳಿಸಿ, ಬಂಡಿಗೆ ಏರಿಸಿ, ಸೇತುವೆಯ ಕಟ್ಟೆಗೆ ಎತ್ತಿ ಕೂಡಿಸುವ ಆಳುಗಳನ್ನು ಶಿಲ್ಪಿಯ ಮನೆಯವರು ದಿನವೂ ಕಂಡವರು. ತಾವೂ ಹೆಗಲು ಕೊಟ್ಟವರು. ಮೇಲಿನ ಸಂತನು ಸಿದ್ಧಸೂತ್ರದಂತೆ ಕೈಯೆತ್ತಿ ನಿಂತಿರುವಾಗ ಕೆಳಗಿನ ನಾಲ್ವರು ನಿಜವಾಗಿ ಶ್ರಮಿಸುತ್ತಿದ್ದಾರೆ. ಜೆಸೂಯಿಟರು ಹೇಳಿಸಿದ ಅರ್ಥವು ಒಂದು, ಕಲ್ಲು ಹೇಳುವುದು ಇನ್ನೊಂದು. ಕೂಲಿಗೆ ಕೆತ್ತಿದ ಶಿಲ್ಪಿಯು ಬಂಡಾಯವೆದ್ದನೆಂದು ನಾನು ಹೇಳುವುದಿಲ್ಲ. ಅಂಥ ಉದ್ದೇಶವನ್ನು ಅವನ ಮೇಲೆ ಹೊರಿಸಲು ಆಧಾರವಿಲ್ಲ. ತಾನು ಚೆನ್ನಾಗಿ ಬಲ್ಲುದನ್ನು ಅವನು ಚೆನ್ನಾಗಿ ಮಾಡಿದನು, ಅಷ್ಟೆ.

ಮಂಡಿಯೂರಿದ ರಾಜಕುಮಾರನ ವಿಷಯದಲ್ಲಿ ಚರಿತ್ರೆಯು ಒಂದು ಮಾತನ್ನು ಸೇರಿಸಬೇಕು. ಕ್ಸೇವಿಯರನು 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದನು. ನಮ್ಮ ದೇಶದಲ್ಲಿ ಅವನ ಕೆಲಸವು ಹೆಚ್ಚಾಗಿ ನಡೆದುದು ಅರಮನೆಗಳಲ್ಲಿ ಅಲ್ಲ, ದಕ್ಷಿಣ ಕರಾವಳಿಯಲ್ಲಿ ಮುತ್ತು ತೆಗೆಯುವ ಪರವರ ಮತ್ತು ಮೀನುಗಾರರ ಹಳ್ಳಿಗಳಲ್ಲಿ. 1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅವನು, ದೀಕ್ಷೆ ಕೊಟ್ಟು ಕೊಟ್ಟು ತನ್ನ ಕೈಗಳು ಸೋಲುವುದುಂಟೆಂದು ತಿಳಿಸುತ್ತಾನೆ. ಆ ಕೈಗಳ ಕೆಳಗೆ ತಲೆಬಾಗಿದವರು ಬಲೆ ಬೀಸುವ ಬಡವರು. ಸೇತುವೆಯ ಶಿಲ್ಪಕ್ಕೆ ಬಡವರು ಸಾಲಲಿಲ್ಲ; ರಾಜನೊಬ್ಬನು ಬಾಗಿದರೆ ಮಾತ್ರ ಗೆಲುವು ಕಣ್ಣಿಗೆ ಕಟ್ಟುವುದು. ಹೀಗಾಗಿ ಮೀನುಗಾರನನ್ನು ಮೇಲಿನ ದೃಶ್ಯದಿಂದ ಹೊರಗಿರಿಸಿ ಕಿರೀಟಧಾರಿಯನ್ನು ತಂದರು. ಆದರೆ ಚರಿತ್ರೆಯಲ್ಲಿ ನಿಜವಾಗಿ ಇದ್ದ ಆ ದುಡಿಯುವ ಮೈ, ಯಾರೂ ಉದ್ದೇಶಿಸದೆಯೇ, ಪೀಠದಲ್ಲಿ ಮರಳಿ ಬಂದು ಕುಳಿತಂತಿದೆ.

ನಮ್ಮವರಿಗೆ ಸಮೀಪದಲ್ಲಿಯೇ ಒಂದು ಹೋಲಿಕೆ ಲಭ್ಯವಿದೆ. ಹಳೆಗೋವೆಯ ಬೊಮ್ ಜೀಸಸ್ ದೇವಾಲಯದಲ್ಲಿ ಇದೇ ಸಂತನ ಶರೀರವನ್ನಿರಿಸಿರುವ ಸಮಾಧಿಮಂಟಪವು ಬರೋಕ್ ಶಿಲ್ಪವೇ ಆಗಿದೆ. ಟಸ್ಕನಿಯ ಮೂರನೆಯ ಕೋಸಿಮೊ ದೊರೆಯು ಫ್ಲಾರೆನ್ಸಿನ ಶಿಲ್ಪಿ ಫೊಜ್ಜಿನಿಯಿಂದ ಅದನ್ನು ಮಾಡಿಸಿ ಹಡಗಿನಲ್ಲಿ ಕಳುಹಿಸಿದನು. 1698ರಲ್ಲಿ ಅದನ್ನು ಗೋವೆಯಲ್ಲಿ ಜೋಡಿಸಲಾಯಿತು. ಅಂದರೆ ಪ್ರಾಗಿನ ಸಮೂಹಕ್ಕಿಂತ 13 ವರ್ಷ ಹಿಂದಿನದು. ವಿದ್ಯಾರ್ಥಿಗಳೊಡನೆ ಪ್ರವಾಸ ಹೋದಾಗ ಅದರ ನಾಲ್ಕು ಕಂಚಿನ ಫಲಕಗಳನ್ನು ನೋಡುವ ಅವಕಾಶ ನನಗೆ ದೊರೆತಿತ್ತು. ನೂಕುನುಗ್ಗಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಬಂದವರ ಕಣ್ಣೆಲ್ಲ ಮೇಲಿನ ಬೆಳ್ಳಿಯ ಪೆಟ್ಟಿಗೆಯ ಮೇಲೆಯೇ ಇದ್ದುದರಿಂದ ಫಲಕಗಳ ಮುಂದೆ ಮಾತ್ರ ತುಸು ತೆರವಿತ್ತು. ಫೊಜ್ಜಿನಿಯೂ ಭಾರತವನ್ನು ಕಂಡವನಲ್ಲ. ಅವನ ಕೆಲಸವು ನಯವಾದುದು, ನುರಿತ ಆಸ್ಥಾನಶಿಲ್ಪಿಯದು. ಅಲ್ಲಿ ಜನರು ಸಂತನ ಸುತ್ತಲೂ ನೆರೆದಿದ್ದಾರೆ; ಪ್ರಾಗಿನಲ್ಲಿ ಸಂತನ ಅಡಿಯಲ್ಲಿದ್ದಾರೆ. ಭಾವನೆಯ ದೃಷ್ಟಿಯಿಂದ ಫ್ಲಾರೆನ್ಸಿನದು ಹೆಚ್ಚು ಸೌಜನ್ಯವುಳ್ಳದ್ದು. ಆದರೆ ಆ ಗುಂಪಿನಲ್ಲಿ ಒಂದು ಮುಖವೂ ನನ್ನ ನೆನಪಿನಲ್ಲಿ ನಿಂತಿಲ್ಲ. ಬ್ರೊಕೊಫನ ನಾಲ್ವರನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದರೂ ಮರೆಯಲಾಗಿಲ್ಲ. ಸೌಜನ್ಯವೂ ಕಲಾಶಕ್ತಿಯೂ ಒಂದೇ ಕಡೆ ಇರಬೇಕೆಂದು ನಾವು ಬಯಸುವುದು ಸಹಜ. ಕೃತಿಗಳು ನಮ್ಮ ಬಯಕೆಗೆ ಕಟ್ಟುಬಿದ್ದಿಲ್ಲ.

1712ರ ಸಂತ ವಿನ್ಸೆಂಟ್ ಮತ್ತು ಪ್ರೊಕೋಪಿಯಸರ ಸಮೂಹದಲ್ಲಿಯೂ ಪೀಠವನ್ನು ಹೊತ್ತವರಿದ್ದಾರೆ: ಒಬ್ಬ ಮುಸಲ್ಮಾನ, ಒಬ್ಬ ಯೆಹೂದ್ಯ, ಒಬ್ಬ ಪಿಶಾಚಿ. ಈ ಮೂವರನ್ನು ಒಂದೇ ಸಾಲಿನಲ್ಲಿರಿಸಿದ ಮನೋವೃತ್ತಿಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಇಲ್ಲಿ ಶಿಲ್ಪವೂ ಆ ಮನೋವೃತ್ತಿಯನ್ನು ಮೀರಿಲ್ಲ. 1714ರ ಸಂತ ಮಾಥಾನ ಸಮೂಹವು ಹೆಚ್ಚು ಜಟಿಲವಾದುದು. ತುರ್ಕರ ಸೆರೆಯಲ್ಲಿದ್ದ ಕ್ರೈಸ್ತರನ್ನು ಹಣ ತೆತ್ತು ಬಿಡಿಸುವ ಸಂಘಕ್ಕೆ ಸಂಬಂಧಿಸಿದ ಸಂತರು ಮೇಲೆ ನಿಂತಿದ್ದಾರೆ. ಕೆಳಗೆ ಬಂಡೆಯಲ್ಲಿ ಗವಿಯಂಥ ಬಂದೀಖಾನೆ. ಒಳಗೆ ಸಂಕೋಲೆ ತೊಟ್ಟ ಮೂವರು ಸೆರೆಯಾಳುಗಳು. ಹೊರಗೆ ಕಾವಲಿಗೆ ಒಬ್ಬ ತುರ್ಕ, ಅವನ ಜತೆಗೆ ಒಂದು ನಾಯಿ. 1683ರಲ್ಲಿ ತುರ್ಕರ ಸೈನ್ಯವು ವಿಯೆನ್ನಾವನ್ನು ಮುತ್ತಿದುದನ್ನು ಕಣ್ಣಾರೆ ಕಂಡವರು ಆಗ ಇನ್ನೂ ಬದುಕಿದ್ದರು. ಹಾಗಿದ್ದರೂ ಪ್ರಾಗಿನ ಜನರು ಈ ಕಾವಲುಗಾರನನ್ನು ಶತ್ರುವೆಂದು ದ್ವೇಷಿಸಲಿಲ್ಲ. ‘ಪ್ರಾಗಿನ ತುರ್ಕ’ ಎಂದು ಹೆಸರಿಟ್ಟು ತಮ್ಮವನನ್ನಾಗಿ ಮಾಡಿಕೊಂಡರು. ಬೇಸತ್ತು ಹೊಟ್ಟೆ ಮುಂದೆ ಮಾಡಿ ಒರಗಿ ನಿಂತ ಅವನ ಭಂಗಿಯಲ್ಲಿ ಕ್ರೌರ್ಯಕ್ಕಿಂತ ಉದ್ಯೋಗದ ಆಯಾಸವೇ ಹೆಚ್ಚು. ಮೇಲಿನ ಸಂತರ ಹೆಸರುಗಳನ್ನು ದಾರಿಹೋಕರಲ್ಲಿ ಎಷ್ಟು ಮಂದಿ ಬಲ್ಲರು?

ಅದೇ ಕಾಲದಲ್ಲಿ ಫರ್ಡಿನಾಂಡನು ಮೊರ್ಜಿನ್ ಮನೆತನದ ಅರಮನೆಗೆ ಕೆತ್ತಿದ ಇಬ್ಬರು ಮೂರರ ಮೂರ್ತಿಗಳು ಉಪ್ಪರಿಗೆಯ ಮೊಗಸಾಲೆಯನ್ನು ಹೊತ್ತಿವೆ. ಇವರು ಅಲ್ಲಿರುವುದು ಮೊರ್ಜಿನ್ ಎಂಬ ಹೆಸರಿಗೂ ಮೂರ್ ಎಂಬ ಶಬ್ದಕ್ಕೂ ಇರುವ ಧ್ವನಿಸಾಮ್ಯದಿಂದ. ಒಂದು ಜನಾಂಗವನ್ನು ಶ್ಲೇಷೆಗಾಗಿ ದುಡಿಸಿಕೊಂಡಂತಾಯಿತು. ಶಿಲ್ಪದ ಮಟ್ಟಿಗೆ ಮಾತ್ರ, ಮೂವರು ಬ್ರೊಕೊಫರ ಮನೆಗುಣವು ಇದಕ್ಕಿಂತ ಶುದ್ಧವಾಗಿ ಬೇರೆಲ್ಲಿಯೂ ವ್ಯಕ್ತವಾಗಿಲ್ಲ. ಇಲ್ಲಿ ಮೇಲೆ ಸಂತನೇ ಇಲ್ಲ. ಹೊರೆ ಮತ್ತು ಹೊರುವವನು ಇಬ್ಬರೇ. ಸಂತ ಜೇಮ್ಸನ ದೇವಾಲಯದಲ್ಲಿರುವ ಮಿತ್ರೊವಿಟ್ಸೆಯ ವ್ರಾಟಿಸ್ಲಾವ್ ಪ್ರಭುವಿನ ಸಮಾಧಿಯನ್ನು ಫಿಶರ್ ಫಾನ್ ಎರ್ಲಾಖನು ರೂಪಿಸಿ 1714ರಿಂದ 1716ರ ವೇಳೆಯಲ್ಲಿ ಫರ್ಡಿನಾಂಡನು ಕೆತ್ತಿದನು. ಅದನ್ನು ಅವನ ಮೇರುಕೃತಿಯೆನ್ನುವವರುಂಟು. ವೈಭವದಲ್ಲಿ ಅದಕ್ಕೆ ಎಣೆಯಿಲ್ಲ; ಆದರೆ ಅಲ್ಲಿ ಕೈ ಬ್ರೊಕೊಫನದಾದರೂ ಮನಸ್ಸು ವಾಸ್ತುಶಿಲ್ಪಿಯದು.

ಯಾನನು 1718ರಲ್ಲಿ ತೀರಿಕೊಂಡನು. ಮೂರು ವರ್ಷಗಳಲ್ಲಿ ಮಿಖಾಲನೂ ಹೋದನು. ಫರ್ಡಿನಾಂಡನು ಕ್ಷಯರೋಗದಿಂದ ಬಳಲಿ 1731ರಲ್ಲಿ, ಇನ್ನೂ 42 ವರ್ಷದವನಾಗಿದ್ದಾಗ, ಮೃತನಾದನು. ಕಲ್ಲಿನ ಪುಡಿಯ ನಡುವೆ ಹುಟ್ಟಿ ಬೆಳೆದವನಿಗೆ ಎದೆಯ ರೋಗ ಬಂದುದು ಆಶ್ಚರ್ಯವಲ್ಲ.

ಕೃತಿಗಳ ಮುಂದಿನ ಚರಿತ್ರೆಯನ್ನು ಅಧ್ಯಾಪಕರು ಗಮನದಲ್ಲಿಡಬೇಕು. 1890ರ ಸೆಪ್ಟೆಂಬರಿನಲ್ಲಿ ನದಿಗೆ ಮಹಾಪೂರ ಬಂದು ಸೇತುವೆಯ ಕಮಾನುಗಳು ಕುಸಿದುವು. ಫರ್ಡಿನಾಂಡನ ಎರಡು ಸಮೂಹಗಳು, ಇಗ್ನೇಷಿಯಸ್ ಲೊಯೊಲನದೂ ಕ್ಸೇವಿಯರನದೂ, ನೀರಿಗೆ ಬಿದ್ದುವು. ಮೇಲೆತ್ತಿದ ಮೂಲಶಿಲ್ಪಗಳು ಈಗ ಪ್ರಾಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಿಲಾಸಂಗ್ರಹದಲ್ಲಿವೆ. ಇಗ್ನೇಷಿಯಸನು ಸೇತುವೆಗೆ ಮರಳಲಿಲ್ಲ. ಆ ಸ್ಥಳದಲ್ಲಿ 1938ರಲ್ಲಿ ಸ್ಲಾವ್ ಜನರ ಧರ್ಮಗುರುಗಳಾದ ಸಿರಿಲ್ ಮತ್ತು ಮೆಥೋಡಿಯಸರನ್ನು ನಿಲ್ಲಿಸಿದರು. ಕ್ಸೇವಿಯರನು ಮಾತ್ರ ಮರಳಿದನು. ಆದರೆ ಇಂದು ಸೇತುವೆಯ ಮೇಲಿರುವುದು ವೋಸ್ಮಿಕ್ ಎಂಬ ಶಿಲ್ಪಿಯು 1913ರಲ್ಲಿ ಪೂರ್ಣಗೊಳಿಸಿದ ಪ್ರತಿಕೃತಿ. ನಮ್ಮ ಗ್ರಂಥಾಲಯಗಳ ಕಲಾಪುಸ್ತಕಗಳಲ್ಲಿ ‘ಬ್ರೊಕೊಫ್, 1711’ ಎಂಬ ಶೀರ್ಷಿಕೆಯ ಕೆಳಗೆ ನದಿಯೂ ಆಕಾಶವೂ ಹಿನ್ನೆಲೆಯಾಗಿರುವ ಚಿತ್ರವಿದ್ದರೆ, ಅದರಲ್ಲಿ ಕಾಣುವ ಉಳಿಯ ಗುರುತು ಬ್ರೊಕೊಫನದಲ್ಲ. ಹೆಗಲಿನ ಬಾಗು, ಕುತ್ತಿಗೆಯ ಬಿಗಿತ ಇವುಗಳನ್ನು ಕುರಿತು ತೀರ್ಪು ಹೇಳಬೇಕೆನ್ನುವವರು ಸಂಗ್ರಹಾಲಯದ ಒಳಗೆ ತೆಗೆದ ಚಿತ್ರಗಳನ್ನೇ ತರಿಸಿಕೊಳ್ಳಬೇಕು.